ಲಸಿಕೆ ಪೆಟ್ಟಿಗೆಯ ರಿಜಿಸ್ಟರು

ರಾಯಚೂರಿನ ಕೋರ್ಟಿನ ಹೊರಗೆ, ಬೇವಿನ ಬುಡದಲ್ಲಿ
ನನ್ನದೊಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡು ಸ್ಟೂಲು.
ಹೊಲದ ಬದುವಿನ ತಕರಾರು, ಜೀವನಾಂಶ, ಚೆಕ್ ಬೌನ್ಸು,
ಇಪ್ಪತ್ತೆರಡು ವರ್ಷದಿಂದ ಊರ ಜಗಳಗಳನ್ನೆಲ್ಲ
ಪುಟಕ್ಕೆ ಇಷ್ಟು ಅಂತ ಟೈಪು ಮಾಡಿದವನು.
ಬಿಸಿಲಿನ ಮೇಲೆ ಕೇಸು ಹಾಕಲು ಬಂದವಳು
ಈಕೆಯೊಬ್ಬಳೇ.

“ಬಿಸಿಲಿನ ಮ್ಯಾಲಲ್ಲ ತಮ್ಮಾ,” ಅಂದಳು ಸಿಸ್ಟರ್ ಎಸ್ತೇರಮ್ಮ,
“ಬಿಸಿಲಿಗೆ ಸಮನ್ಸು ಯಾರು ಮುಟ್ಟಿಸ್ತಾರ?
ಸರ್ಕಾರದ ಮ್ಯಾಲ. ಬರಿ.
ನೌಕರಿ ಎರಡು ವರ್ಷ ಉಳದದ, ಕಸಗೊಂಡ್ರ ಕಸಗೊಳ್ಳಲಿ.”

ಚೀಲದಿಂದ ತೆಗೆದಳು ಹತ್ತೊಂಬತ್ತು ರಿಜಿಸ್ಟರು,
ಮೂಲೆ ಮಡಚಿದ್ದು, ಜಿರಲೆ ಕಡಿದದ್ದು, ಸ್ಪಿರಿಟ್ಟಿನ ವಾಸನೆಯದ್ದು.
ಲಸಿಕೆ ಇಡುವ ತಣ್ಣನೆ ಪೆಟ್ಟಿಗೆಯ ಉಷ್ಣಾಂಶ
ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಬರೆಯಬೇಕು.
ಎರಡಕ್ಕಿಂತ ಇಳಿಯಬಾರದು, ಎಂಟು ದಾಟಬಾರದು,
ದಾಟಿದರೆ ಮೇಲಿನಿಂದ ಫೋನು, ಕಾರಣ ಕೇಳಿ ನೋಟೀಸು.
ಅದು ಸರ್ಕಾರದ ಕಾಲಂ.
ಕೆಂಪು ಗೆರೆಯಾಚೆ, ಅಂಚಿನಲ್ಲಿ,
ಪೆಟ್ಟಿಗೆಯ ಹೊರಗಿನದನ್ನೂ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಳು
ಯಾರೂ ಹೇಳದೆ.

ಒಳಗೆ ೫. ಹೊರಗೆ ೪೪.
ಒಳಗೆ ೪. ಹೊರಗೆ ೪೫. ಶಾಕಿರಾ, ಏಳು ತಿಂಗಳು, ಫ್ಯಾನು ನಿಂತಿತ್ತು.
ಒಳಗೆ ೫. ಹೊರಗೆ ೪೬. ಡಾಂಬರು ಹಾಕುವ ಹುಡುಗ,
ಹೆಸರು ಹೇಳಲಿಕ್ಕೆ ಆತನಿಗೆ ಆಗಲಿಲ್ಲ.
ಒಳಗೆ ೬. ಹೊರಗೆ
ಇಲ್ಲಿ ಪೆನ್ಸಿಲು ಒತ್ತಿ ಕಾಗದ ಹರಿದಿದೆ.

ಟೈಪು ಮಾಡುವಾಗಲೇ ಕರೆಂಟು ಹೋಯಿತು.
ಹೊಳೆದಂಡೆಯ ಶಕ್ತಿನಗರದಲ್ಲಿ ಚಿಮಣಿ
ಹೊಗೆಯಾಡುತ್ತಲೇ ಇದ್ದಿರಬೇಕು, ಯಾವುದೋ ಊರಿನ ದೀಪಕ್ಕೆ.
ಆಕೆ ಫೈಲಿನಿಂದ ಗಾಳಿ ಹಾಕಿಕೊಂಡಳು,
ಆಮೇಲೆ ನನಗೂ ಹಾಕಿದಳು.

ಕೊನೆಯ ಪುಟ. ‘ಪ್ರಾರ್ಥನೆ’ ಅಂತ ತಲೆಬರಹ.
ನಕ್ಕಳು. “ಸಣ್ಣಾಕಿ ಇದ್ದಾಗಿಂದ ಮಾಡೇನಿ ಇದನ್ನ,
ಕಣ್ಣು ಮುಚ್ಚಿ. ಈ ಸಲ ತಕ್ಕೊಂಡೇ ಮಾಡೋಣು.
ಬರಿ: ಲಸಿಕಿಗೆ ಒಂದು ಮಿತಿ ಇಟ್ಟೀರಿ. ಮನಷ್ಯಾಗ ಎಷ್ಟು?
ಆ ಅಂಕಿ ಹೇಳ್ರಿ. ದಾಟಿದರ ಯಾರಿಗೆ ನೋಟೀಸು, ಅದೂ ಹೇಳ್ರಿ.
ಹೊಗಿ ಕಡಿಮಿ ಮಾಡ್ತೀವಿ ಅಂತ ಭಾಷಣದಾಗ ಅಂದಿದ್ರಿ,
ಯಾವ ವರ್ಷ, ಎಷ್ಟು? ಲೆಕ್ಕ ಕೊಡ್ರಿ.”
ಅದನ್ನು ಕಾನೂನಿನ ಕನ್ನಡಕ್ಕೆ ತಿರುಗಿಸಲು ಹೋಗಿ
ನಾಲ್ಕು ಸಲ ಅಳಿಸಿದೆ. ಕೊನೆಗೆ ಅರ್ಧ ಹಾಗೇ ಬಿಟ್ಟೆ.

ಕಲಬುರಗಿ ಪೀಠದಲ್ಲಿ ಸರ್ಕಾರದ ವಕೀಲರು ಎದ್ದರಂತೆ:
ಅಂಚಿನ ಬರಹಕ್ಕೆ ಸುತ್ತೋಲೆಯಿಲ್ಲ, ಸ್ವಾಮಿ.
ಬಿಸಿಲು ಲೋಕದ್ದು, ಯಾವ ದೇಶದ ಹೊಗೆಯೋ ಏನೋ,
ಜಿಲ್ಲೆಯ ಆಕಾಶಕ್ಕೆ ಬೇಲಿ ಹಾಕಲಾದೀತೆ?
ವಿಪರೀತ ಎನ್ನುವುದಕ್ಕೆ ಅಧಿಕೃತ ದಾಖಲೆ ಎಲ್ಲಿದೆ?

ಆಕೆಯ ವಕೀಲೆ ಶಶಿರೇಖಾ, ಕರಿಕೋಟಿಗೆ ಇನ್ನೂ ವರ್ಷವಾಗಿಲ್ಲ,
ಒಂದೇ ಹಾಳೆ ಮುಂದಿಟ್ಟಳಂತೆ, ಅನುಬಂಧ ಏಳು:
‘ವಿಪರೀತ ಬಿಸಿಲಿನ ಪ್ರಯುಕ್ತ ಏಪ್ರಿಲ್, ಮೇ ತಿಂಗಳಲ್ಲಿ
ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ ಎಂಟರಿಂದ ಒಂದೂವರೆ.’
ಸಂಖ್ಯೆ, ದಿನಾಂಕ, ಸಹಿ, ಮೊಹರು.
“ಪ್ರತಿವಾದಿಗಳಿಗೆ ಬಿಸಿಲು ಗೊತ್ತಿದೆ, ಸ್ವಾಮಿ.
ಮನೆಗೆ ಹೋಗುವ ಹೊತ್ತಿಗೆ ಗೊತ್ತಿದೆ.”

ನ್ಯಾಯಮೂರ್ತಿಗಳು ಹಾಳೆಯನ್ನು ಎರಡು ಸಲ ಓದಿದರಂತೆ,
ಕನ್ನಡಕ ಒರೆಸಿದರಂತೆ,
ನಾಲ್ಕು ವಾರದಲ್ಲಿ ಆಕ್ಷೇಪಣೆ ಸಲ್ಲಿಸಿ ಅಂದರಂತೆ.
ನಾಲ್ಕು ವಾರಕ್ಕೆ ಕೋರ್ಟಿಗೇ ಬೇಸಿಗೆ ರಜೆ ಬಿತ್ತು.

ನಿನ್ನೆ ಬಂದಿದ್ದಳು, ಮುಂದಿನ ತಾರೀಖು ಕೇಳಲು.
ಬಾಕಿಯಿದ್ದ ಅರವತ್ತು ರೂಪಾಯಿ ಬೇಡವೆಂದರೂ ಕೊಟ್ಟಳು.
ಹೊಸ ರಿಜಿಸ್ಟರು ತೋರಿಸಿದಳು. ಈ ವರ್ಷದಿಂದ
ಅಂಚೇ ಇಲ್ಲದ್ದು ಅಚ್ಚು ಹಾಕಿಸಿದ್ದಾರೆ,
ಕಾಗದದ ತುದಿಯವರೆಗೂ ಕಾಲಂ.

“ಹಿಂದಿನ ಮಗ್ಗಲ ಖಾಲಿ ಅದ,” ಅಂದಳು,
ನನ್ನ ಪೆನ್ಸಿಲು ಕೇಳಿ ತೆಗೆದುಕೊಂಡಳು.